ಹೆಸರು ಹೇಳದೆ ಹೋದವರಿಗೆ

ನಮ್ಮ ನಾಯಿ ಈಗಿಲ್ಲ. ವಯಸ್ಸಾಗಿ, ತನ್ನ ಹಾಸಿಗೆಯ ಮೇಲೆಯೇ ಪ್ರಾಣ ಬಿಟ್ಟಿತು. ವಾಹನ ಬಡಿದು ರಸ್ತೆಯಲ್ಲಿ ಬಿದ್ದಿದ್ದ ಅದು ಅಷ್ಟು ವರ್ಷ ಬದುಕಿದ್ದು ನಿಮ್ಮಿಂದ. ಆಸ್ಪತ್ರೆಗೆ ತಲುಪಿಸಿ ಹೆಸರನ್ನೂ ಹೇಳದೆ ಹೋದಿರಿ. ನೀವು ಮಾಡಿದ್ದನ್ನೆಲ್ಲ ಪಶುವೈದ್ಯರು ತಿಳಿಸಿದರು.

ನೋವಿನಲ್ಲಿರುವ ನಾಯಿ ಎಷ್ಟೇ ಸಾಧುವಾದರೂ ಕಚ್ಚಬಹುದು. ನೀವು ಉದ್ದನೆಯ ಬಟ್ಟೆಯನ್ನು ಮೂತಿಗೆ ಸುತ್ತಿ, ಗದ್ದದ ಕೆಳಗೆ ದಾಟಿಸಿ, ಕಿವಿಗಳ ಹಿಂದೆ ಕಟ್ಟಿದ್ದಿರಿ. (ಉಸಿರಾಡಲು ಕಷ್ಟಪಡುತ್ತಿದ್ದರೆ, ವಾಂತಿ ಮಾಡುತ್ತಿದ್ದರೆ ಹೀಗೆ ಕಟ್ಟಲೇಬಾರದು.) ತೊಡೆಯ ಗಾಯಕ್ಕೆ ಮಡಚಿದ ಬಟ್ಟೆ ಒತ್ತಿ ಹಿಡಿದಿರಿ, ಅದು ನೆನೆದಾಗ ಕೀಳದೆ ಮೇಲೆ ಇನ್ನೊಂದು ಇಟ್ಟಿರಿ. ಅನೇಕರು ಎಡವುವುದು ಇಲ್ಲೇ. ರಕ್ತ ನಿಂತಿತೇ ಎಂದು ಬಟ್ಟೆ ಎತ್ತಿದರೆ ಹೆಪ್ಪುಗಟ್ಟುತ್ತಿದ್ದದ್ದೂ ಕಿತ್ತುಬರುತ್ತದೆ. ಕನಿಷ್ಠ 5 ನಿಮಿಷ ಬಿಡದೆ ಒತ್ತಬೇಕು.

ಎಲ್ಲಕ್ಕಿಂತ ದೊಡ್ಡ ಉಪಕಾರ ಆ ಹಲಗೆ. ಕಾಲು ಹಿಡಿದೋ ಹೊಟ್ಟೆಗೆ ಕೈ ಹಾಕಿಯೋ ಎತ್ತಿದ್ದರೆ ಮುರಿದ ಸೊಂಟದ ಮೂಳೆ ಸರಿದು ಒಳಗೆ ಇನ್ನಷ್ಟು ಪೆಟ್ಟಾಗಬಹುದಿತ್ತು. ನೀವು ಹಲಗೆಯನ್ನು ಬೆನ್ನಿನ ಪಕ್ಕ ನೆಲಕ್ಕಿಟ್ಟು, ಭುಜವನ್ನೂ ಸೊಂಟವನ್ನೂ ಒಟ್ಟಿಗೆ ಹಿಡಿದು, ಬೆನ್ನು ಬಾಗದಂತೆ ಅದರ ಮೇಲೆ ಜಾರಿಸಿದಿರಿ. ತಿನ್ನಲು, ಕುಡಿಯಲು ಏನೂ ಕೊಡಲಿಲ್ಲ. ಹೊಟ್ಟೆ ತುಂಬಿದ್ದರೆ ಅರಿವಳಿಕೆಯ ಹೊತ್ತಿನಲ್ಲಿ ವಾಂತಿ ಶ್ವಾಸನಾಳಕ್ಕೆ ಇಳಿಯುವ ಅಪಾಯವಿರುತ್ತದೆ. ಮನುಷ್ಯರ ನೋವಿನ ಮಾತ್ರೆಯನ್ನೂ ಕೊಡಲಿಲ್ಲ. ಐಬುಪ್ರೊಫೇನ್, ಪ್ಯಾರಾಸಿಟಮಾಲ್ ನಾಯಿಗಳಿಗೆ ವಿಷವಾಗಬಲ್ಲವು.

ಕಾಲು ಕೊನೆಯವರೆಗೂ ತುಸು ಕುಂಟುತ್ತಿತ್ತು, ಆದರೂ ಓಡುತ್ತಿತ್ತು. ನೀವು ಯಾರೇ ಆಗಿರಿ, ಎಲ್ಲೇ ಇರಿ, ನಮ್ಮ ಮನೆಯವರೆಲ್ಲರ ಕೃತಜ್ಞತೆ ನಿಮಗೆ.