ಲಾಲ್‌ಬಾಗಿಗೆ ಅರ್ಧ ಗಂಟೆಯೇ?

ಮಾನ್ಯರೇ,

ಚಿಂತಾಮಣಿ ಕಡೆಯ ಶಾಲಾ ಮಕ್ಕಳಿಗೆ ಒಂದೇ ದಿನದಲ್ಲಿ ವಿಧಾನಸೌಧ, ಕಬ್ಬನ್ ಪಾರ್ಕ್, ನಮ್ಮ ಮುದ್ದೇನಹಳ್ಳಿಯ ವಿಶ್ವೇಶ್ವರಯ್ಯನವರ ಹೆಸರಿನ ವಸ್ತುಸಂಗ್ರಹಾಲಯ, ಬನ್ನೇರುಘಟ್ಟ ಎಲ್ಲವನ್ನೂ ತೋರಿಸಿಬಿಡುವ ಧಾವಂತದಲ್ಲಿ ಲಾಲ್‌ಬಾಗಿನ ಪಾಲಿಗೆ ಉಳಿಯುವುದು ಅರ್ಧ ಗಂಟೆ ಮಾತ್ರ. ಈಚೆಗೆ ಮೊಮ್ಮಗಳ ತರಗತಿಯೊಂದಿಗೆ ನಾನೂ ಹೋಗಿದ್ದಾಗ, 1889ರಲ್ಲಿ ಅಡಿಗಲ್ಲು ಹಾಕಲಾದ ಗಾಜಿನ ಮನೆಯ ಮುಂದೆ ಫೋಟೊ ತೆಗೆದದ್ದೇ ತಡ, ಮಕ್ಕಳನ್ನು ಬಸ್ಸಿಗೆ ಹತ್ತಿಸಲಾಯಿತು. ಸುಮಾರು 300 ಕೋಟಿ ವರ್ಷ ಹಳೆಯದಾದ, ನೆತ್ತಿಯ ಮೇಲೆ ಕೆಂಪೇಗೌಡ ಗೋಪುರವನ್ನು ಹೊತ್ತ ಬಂಡೆಯನ್ನು ಅವರು ದೂರದಿಂದಲೇ ನೋಡಿದರು. ಕೈವಾರದ ಬೆಟ್ಟ ಹತ್ತಿದ ಮಕ್ಕಳಿಗೆ ಅದು ಎತ್ತರವೇ ಅಲ್ಲ. ಬನ್ನೇರುಘಟ್ಟವನ್ನು ಮತ್ತೊಂದು ವರ್ಷಕ್ಕಿಟ್ಟು, ಆ ಬಂಡೆಯ ಮೇಲೆ ಕೂರಿಸಿ ಅದರ ವಯಸ್ಸನ್ನು ವಿವರಿಸುವಷ್ಟು ಸಮಯವನ್ನು ಶಾಲೆಗಳು ಮೀಸಲಿಡಬೇಕೆಂದು ಕೋರುತ್ತೇನೆ.

– ನಿವೃತ್ತ ಶಿಕ್ಷಕ, ಚಿಂತಾಮಣಿ