ಪುಟ್ಟಿಗೆ, ಆಪರೇಷನ್ನಿಗೆ ಮುಂಚೆ

ಪುಟ್ಟಿ,

“ಆಪರೇಷನ್ನಿಗೆ ಹೋಗೋಳು ಮನೆಪತ್ರದ ಮಾತಾಡ್ತೀಯಲ್ಲಮ್ಮಾ” ಅಂತ ಭಾನುವಾರ ಫೋನ್ ಇಟ್ಟುಬಿಟ್ಟೆ. ಹೋಗೋಳೇ ಕಣೇ ಆಡಬೇಕಾದ್ದು. ನಿನ್ನನ್ನ ಅಳಿಸಿದ್ದಕ್ಕೆ ಬೇಜಾರಿದೆ, ಆದರೆ ಮಾತನ್ನ ವಾಪಸ್ ತಗೊಳ್ಳಲ್ಲ. ಹೃದಯದ ಕವಾಟ ಡಾಕ್ಟರು ನೋಡ್ಕೋತಾರೆ. ಕಾಗದಪತ್ರ ನಾವೇ ನೋಡ್ಕೋಬೇಕು.

ಆಸ್ತಿ ನಿಮಗೆ ದಾಟಿಸೋಕೆ ಮಾಡಿಸಿದ ನಮ್ಮ ಲಿವಿಂಗ್ ಟ್ರಸ್ಟಿಗೆ, ಅಪ್ಪ ಇಲ್ಲದ ಮೇಲೆ, ನಾನೊಬ್ಬಳೇ ಟ್ರಸ್ಟಿ, ಅಂದರೆ ಅದನ್ನ ನಡೆಸೋಳು. ನನ್ನ ನಂತರ ನೀನು. ನಾನಿರೋವರೆಗೆ ಅದನ್ನ ತಿದ್ದಬಹುದು, ರದ್ದೂ ಮಾಡಬಹುದು. ಅದಕ್ಕೇ ತೆರಿಗೆ ಲೆಕ್ಕದಲ್ಲಿ ಅದೂ ನಾನೂ ಒಂದೇ: ನನ್ನ ಸೋಶಿಯಲ್ ಸೆಕ್ಯುರಿಟಿ ನಂಬರು, ನನ್ನ 1040 ತೆರಿಗೆ ಫಾರ್ಮು. ತೆರಿಗೆ ಉಳಿಯುತ್ತೆ, ಸಾಲಗಾರರು ಮುಟ್ಟಲ್ಲ ಅನ್ನೋದೆಲ್ಲ ಪಾರ್ಟಿಗಳಲ್ಲಿ ಆಡೋ ಮಾತು. ತಪ್ಪೋದು ಪ್ರೊಬೇಟ್, ಅಂದರೆ ಸತ್ತವರ ಆಸ್ತಿಯನ್ನ ಕೋರ್ಟಿನ ಮೂಲಕ ಹಂಚೋದು, ಅದೂ ಟ್ರಸ್ಟಿನ ಹೆಸರಿಗೆ ಬರೆದ ಆಸ್ತಿಗೆ ಮಾತ್ರ.

ನನ್ನ ತಲೆ ತಿಂತಿರೋದು ಇದೇ. ಮನೆಯ ಹಳೇ ಸಾಲ ತೀರಿಸಿ ಹೊಸದು ತಗೊಳ್ಳೋವಾಗ (ರಿಫೈನಾನ್ಸ್) ಸಾಲ ಕೊಡೋರು ಮನೆಯನ್ನ ಟ್ರಸ್ಟಿನಿಂದ ತೆಗೆಸಿ ನನ್ನೊಬ್ಬಳ ಹೆಸರಿಗೆ ಮಾಡಿಸಿಕೊಂಡರು. ಹಾಗೆ ಕೇಳೋದು ಮಾಮೂಲು. ಆಮೇಲೆ ವಾಪಸ್ ಸೇರಿಸಿ ಅಂತ ನೆನಪಿಸೋರು ಯಾರೂ ಇರಲ್ಲ, ಎಷ್ಟೋ ಮನೆಗಳು ಹೀಗೇ ಹೊರಗುಳಿದುಬಿಡ್ತವೆ. ನಾನು ಮನೆಯನ್ನ ವಾಪಸ್ ಟ್ರಸ್ಟಿಗೆ ಸೇರಿಸೋ ಹೊಸ ಡೀಡಿಗೆ (ಮನೆಪತ್ರಕ್ಕೆ) ನೋಟರಿ ಮುಂದೆ ಸಹಿ ಹಾಕಿ, ಒಡೆತನ ಬದಲಾದದ್ದು ತಿಳಿಸೋ ಪಿಸಿಓಆರ್ ಫಾರ್ಮಿನ ಜೊತೆ, ಪತ್ರ ನೋಂದಾಯಿಸೋ ಅಲಮೀಡಾ ಕೌಂಟಿ ರೆಕಾರ್ಡರ್ ಆಫೀಸಿಗೆ ಕಳಿಸಿದ್ದೀನಿ. ಇನ್ನೂ ವಾಪಸ್ ಬಂದಿಲ್ಲ. ಟಪಾಲು ಡಬ್ಬಿ ನೋಡ್ತಾ ಇರು.

ಬಂದ ಡೀಡಿನ ಮೇಲೆ ಡಾಕ್ಯುಮೆಂಟ್ ನಂಬರ್ ಬಿದ್ದಿರಬೇಕು. ಮನೆ ಬರೀ ಟ್ರಸ್ಟಿನ ಹೆಸರಿಗಲ್ಲ, ಇಂಥ ತಾರೀಖಿನ ಟ್ರಸ್ಟಿನ ಟ್ರಸ್ಟಿ ಅಂತ ನನ್ನ ಹೆಸರಿಗಿರಬೇಕು. ಆ ತಾರೀಖು ಮೂಲ ಟ್ರಸ್ಟಿನದು, ಆಮೇಲೆ ಮಾಡಿಸಿದ ತಿದ್ದುಪಡಿಯದಲ್ಲ. ಜಾಗದ ಗುರುತಿನ ನಂಬರು ಎಪಿಎನ್ನಿನ ಒಂದೊಂದು ಅಂಕಿಯನ್ನೂ ಪ್ರಾಪರ್ಟಿ ಟ್ಯಾಕ್ಸ್ ಬಿಲ್ಲಿನ ಜೊತೆ ತಾಳೆ ನೋಡು. ಒಂದು ಅಂಕಿ ತಪ್ಪಿದರೂ ಮಾರೋ ಹೊತ್ತಿಗೆ, ಒಡೆತನ ಪರಿಶೀಲಿಸೋ ಟೈಟಲ್ ಕಂಪನಿಯವರು ತಡೀತಾರೆ.

ಯಾಕಿಷ್ಟು ಕೊರೀತೀನಿ ಅಂದರೆ, 15 ಲಕ್ಷ ಡಾಲರಿನ ಮನೆ ಪ್ರೊಬೇಟಿಗೆ ಬಿತ್ತು ಅನ್ನು. ಕ್ಯಾಲಿಫೋರ್ನಿಯಾದಲ್ಲಿ ವಕೀಲರ ಫೀಸು ಮೊದಲ 1 ಲಕ್ಷಕ್ಕೆ ಶೇ. 4, ಮುಂದಿನ 1 ಲಕ್ಷಕ್ಕೆ ಶೇ. 3, ಆಮೇಲಿನ 8 ಲಕ್ಷಕ್ಕೆ ಶೇ. 2, ಉಳಿದ 5 ಲಕ್ಷಕ್ಕೆ ಶೇ. 1. ವಕೀಲರಿಗೇ 28,000 ಡಾಲರ್. ವಿಲ್ಲು ಜಾರಿ ಮಾಡೋ ಎಕ್ಸಿಕ್ಯೂಟರಿಗೂ ಅಷ್ಟೇ ಕೇಳೋ ಹಕ್ಕಿದೆ. ಮನೆ ಮೇಲಿನ ಸಾಲ ಕಳೆಯೋ ಹಾಗಿಲ್ಲ, ಲೆಕ್ಕ ಪೂರ್ತಿ ಬೆಲೆಯ ಮೇಲೆ. ಸಹಿ ಮಾಡಿದ ಡೀಡಿನ ನಕಲು ನೀಲಿ ಫೈಲಿನಲ್ಲಿದೆ. ಅಂಚೆಯಲ್ಲಿ ಕಳೆದೇಹೋದರೆ ಹೆಗ್‌ಸ್ಟಾಡ್ ಪಿಟಿಷನ್ ಹಾಕಿ, ಮನೆ ಟ್ರಸ್ಟಿನದೇ ಅಂತ ಕೋರ್ಟಿನಿಂದ ಹೇಳಿಸಬಹುದು. ಆದರೂ ವಕೀಲರು, ಕೋರ್ಟು, ತಿಂಗಳುಗಟ್ಟಲೆ ಕಾಯೋದು. ನೀನು ಡಬ್ಬಿ ನೋಡ್ತಾ ಇರು, ಸಾಕು.

ನನಗೆ ಎಚ್ಚರ ತಪ್ಪಿ ಸಹಿ ಮಾಡೋಕಾಗದಿದ್ದರೆ, ನೀನು ಟ್ರಸ್ಟಿಯಾಗೋಕೆ ಇಬ್ಬರು ಡಾಕ್ಟರ ಪತ್ರ ಬೇಕು ಅಂತ ನಮ್ಮ ಟ್ರಸ್ಟಿನಲ್ಲಿದೆ. ಅದನ್ನೂ, ಟ್ರಸ್ಟ್ ಇದೆ, ಟ್ರಸ್ಟಿ ಯಾರು ಅಂತ ಹೇಳೋ ಸರ್ಟಿಫಿಕೇಶನ್ ಆಫ್ ಟ್ರಸ್ಟನ್ನೂ ಬ್ಯಾಂಕಿಗೆ ಕೊಡು. ಯಾರಿಗೆಷ್ಟು ಅಂತ ಬರೆದಿರೋ ಪುಟಗಳನ್ನ ತೋರಿಸಬೇಕಾಗಿಲ್ಲ. ನನ್ನ ನಿವೃತ್ತಿ ಉಳಿತಾಯದ ಖಾತೆ ಐಆರ್‌ಎಯನ್ನ ಟ್ರಸ್ಟಿನ ಹೆಸರಿಗೆ ಮಾಡಿಸೋಕೆ ಯಾರು ಹೇಳಿದರೂ ಹೋಗಬೇಡ. ಅಷ್ಟೂ ದುಡ್ಡು ತೆಗೆದ ಹಾಗೆ ಲೆಕ್ಕ ಹಿಡಿದು ಒಂದೇ ಸಲಕ್ಕೆ ತೆರಿಗೆ ಹಾಕ್ತಾರೆ. ಅದು ನನ್ನ ನಂತರ ಯಾರಿಗೆ ಅನ್ನೋ ಕಡೆ ನಿನ್ನ, ನಿನ್ನ ತಮ್ಮನ ಹೆಸರನ್ನ ಆಗಲೇ ಕೊಟ್ಟಿದ್ದೀನಿ.

ಮೈಸೂರಿನ ಸೈಟು ಇದರಲ್ಲಿಲ್ಲ, ಅದಕ್ಕೆ ಅಲ್ಲೇ ಬೇರೆ ವಿಲ್ಲು. ಟ್ರಸ್ಟಿನ ಹೊರಗುಳಿದದ್ದನ್ನ ಅದಕ್ಕೇ ಸೇರಿಸೋ ಇಲ್ಲಿನ ಪೋರ್-ಓವರ್ ವಿಲ್ಲಿನಲ್ಲಿ ‘ಹಿಂದಿನ ವಿಲ್ಲುಗಳೆಲ್ಲ ರದ್ದು’ ಅನ್ನೋ ಕಡೆ ‘ಭಾರತದ ಆಸ್ತಿಯದು ಬಿಟ್ಟು’ ಅಂತ ಸೇರಿಸಿಸಿದ್ದೀನಿ. ಇಲ್ಲದಿದ್ದರೆ ಇದು ಅದನ್ನ ನುಂಗಿಬಿಡ್ತಿತ್ತು. ವಕೀಲರು ಹೇಳೋ ಮೊದಲೇ ಹೊಳೀತು ಅಂತ ಸ್ವಲ್ಪ ಜಂಬವೂ ಇದೆ.

‘ನಿನ್ನ ನಂತರ ಟ್ರಸ್ಟಿ ನಾನೇ ಯಾಕೆ’ ಅಂತ ಕೇಳಿದೆಯಲ್ಲ, ನೀನು ಇವತ್ತಿನವರೆಗೆ ಒಂದು ರಸೀದಿ ಕಳೆದವಳಲ್ಲ, ಅದಕ್ಕೆ. ನಿನ್ನ ತಮ್ಮನ ಮೇಲೆ ಪ್ರೀತಿ ಕಮ್ಮಿ ಅಂತಲ್ಲ. ನಾನು ಹೋದಮೇಲೆ ಟ್ರಸ್ಟು ತಿದ್ದೋಕಾಗಲ್ಲ, ಐಆರ್‌ಎಸ್‌ನಿಂದ ಅದಕ್ಕೇ ಬೇರೆ ತೆರಿಗೆ ನಂಬರು (ಇಐಎನ್) ತಗೋಬೇಕು. 60 ದಿನದೊಳಗೆ ತಮ್ಮನಿಗೆ ಟ್ರಸ್ಟಿನ ವಿಷಯ ತಿಳಿಸೋ ನೋಟಿಸ್ ಕಳಿಸಬೇಕು. ತಮ್ಮ ತಾನೇ ಅಂತ ವಾಟ್ಸಾಪಿನಲ್ಲಿ ಹೇಳಿ ಬಿಡಬೇಡ, ಅಂಚೆಯಲ್ಲಿ ಕಳಿಸಿ, ಕಳಿಸಿದ್ದಕ್ಕೆ ದಾಖಲೆ ಇಟ್ಕೋ. ತಕರಾರಿದ್ದರೆ ತೆಗೆಯೋಕೆ ಅವನಿಗೆ ಕಾನೂನು ಕೊಡೋ 120 ದಿನ ಆ ನೋಟಿಸಿನಿಂದಲೇ ಎಣಿಕೆ. ಅದು ಮುಗಿಯೋವರೆಗೆ, ಅವನೇ ಅವಸರ ಮಾಡಿದರೂ, ಏನನ್ನೂ ಹಂಚಬೇಡ.

ಅಮ್ಮ