ಅಪ್ಪ ಅಮ್ಮನ ಗ್ರೀನ್ ಕಾರ್ಡ್‌ಗೆ ಹಾಕೋ ಮೊದಲು ಇನ್ಶೂರೆನ್ಸ್ ಲೆಕ್ಕ ಹಾಕಿ

ಸಂಪಾದಕರಿಗೆ ನಮಸ್ಕಾರ.

ನಾನು ನ್ಯೂಜೆರ್ಸಿಯ ಎಡಿಸನ್ ಹತ್ರ ಇರೋದು, ನಿಮ್ಮ ಪೇಪರನ್ನ ದಿನಾ ಬೆಳಗ್ಗೆ ಫೋನಲ್ಲೇ ಓದ್ತೀನಿ. 2025ರ ಸೆಪ್ಟೆಂಬರ್‌ನಲ್ಲಿ ಎಚ್-1ಬಿ ಅನ್ನೋ ಕೆಲಸದ ವೀಸಾಗೆ ಒಂದು ಲಕ್ಷ ಡಾಲರ್ ಫೀಸ್ ಅಂತ ಬಂದಾಗ ಎಲ್ಲ ಪೇಪರ್‌ನಲ್ಲೂ ಅದೇ ಮುಖಪುಟ ಸುದ್ದಿ, ಬರೀಲೇಬೇಕಿತ್ತು, ತಪ್ಪಲ್ಲ. ಆದ್ರೆ ಅದೇ ವರ್ಷ ಜುಲೈ 4ಕ್ಕೆ ಸಹಿ ಬಿದ್ದ ದೊಡ್ಡ ಕಾನೂನಲ್ಲಿ ಹೆಲ್ತ್ ಇನ್ಶೂರೆನ್ಸ್ ಸಬ್ಸಿಡಿ ಬಗ್ಗೆ ಏನೇನು ಬದಲಾಯ್ತು ಅನ್ನೋದು ಕನ್ನಡದಲ್ಲಿ ಎಲ್ಲೂ ನನ್ನ ಕಣ್ಣಿಗೆ ಬೀಳಲಿಲ್ಲ. ಅದು ಇಲ್ಲಿರೋ ನಮ್ಮವರಿಗೆ, ಅದಕ್ಕಿಂತ ಜಾಸ್ತಿ ದಾವಣಗೆರೆ ಶಿವಮೊಗ್ಗ ಮಂಡ್ಯದಲ್ಲಿ ಮನೆ ಬೀಗ ಹಾಕಿ ಮಕ್ಕಳ ಹತ್ರ ಬಂದು ಇದ್ದುಬಿಡೋಣ ಅಂತ ಯೋಚನೆ ಮಾಡ್ತಿರೋ ಅಪ್ಪ ಅಮ್ಮಂದಿರಿಗೆ ನೇರವಾಗಿ ತಟ್ಟುತ್ತೆ. ಅದಕ್ಕೇ ಇಷ್ಟುದ್ದ ಬರೀತಿದ್ದೀನಿ, ಕತ್ತರಿಸದೆ ಹಾಕಿದ್ರೆ ಉಪಕಾರ.

ನಾನು ಏಜೆಂಟ್ ಅಲ್ಲ. ಕನ್ನಡ ಕೂಟದ ಪರಿಚಯದವರು ಫಾರಂ ತುಂಬೋಕೆ ಕೂತಾಗ ಪಕ್ಕದಲ್ಲಿ ಕೂತ್ಕೊಳ್ತೀನಿ ಅಷ್ಟೆ, ಹಾಗೆ ಕೂತೂ ಕೂತೂ ಈ ನಿಯಮಗಳು ಬಾಯಿಗೆ ಬಂದಿವೆ.

ಮೊದಲು ಈ ಇನ್ಶೂರೆನ್ಸ್ ಸಬ್ಸಿಡಿ ಏನು ಅಂತ ಹೇಳ್ಬಿಡ್ತೀನಿ. ಒಬಾಮಾಕೇರ್ ಅಂತ ಜನ ಕರೆಯೋ 2010ರ ಕಾನೂನು ಪ್ರಕಾರ ಇಲ್ಲಿ ಪ್ರತಿ ರಾಜ್ಯಕ್ಕೂ ಒಂದು ಮಾರ್ಕೆಟ್‌ಪ್ಲೇಸ್, ಅಂದ್ರೆ ಹೆಲ್ತ್ ಇನ್ಶೂರೆನ್ಸ್ ಪ್ಲಾನ್ ಕೊಂಡ್ಕೊಳ್ಳೋ ಸರ್ಕಾರಿ ಮಾರುಕಟ್ಟೆ ಇದೆ, 2013ರ ಅಕ್ಟೋಬರ್‌ನಲ್ಲಿ ಶುರುವಾಗಿದ್ದು. ಕೆಲವು ರಾಜ್ಯಗಳು ತಾವೇ ನಡೆಸ್ತವೆ, ಕ್ಯಾಲಿಫೋರ್ನಿಯಾದಲ್ಲಿ ಕವರ್ಡ್ ಕ್ಯಾಲಿಫೋರ್ನಿಯಾ, ನಮ್ಮಲ್ಲಿ ಗೆಟ್ ಕವರ್ಡ್ ಎನ್‌ಜೆ. ಟೆಕ್ಸಸ್, ಫ್ಲಾರಿಡಾ ಥರದವು ಕೇಂದ್ರ ಸರ್ಕಾರದ ವೆಬ್‌ಸೈಟನ್ನೇ ಬಳಸ್ತವೆ. ಅಲ್ಲಿ ಮಾರೋ ಯಾವ ಪ್ಲಾನೂ ಶುಗರ್ ಇದೆ, ಬಿಪಿ ಇದೆ, ಸ್ಟೆಂಟ್ ಹಾಕ್ಸಿದ್ದಾರೆ ಅಂತ ಆಗಲ್ಲ ಅನ್ನೋ ಹಾಗಿಲ್ಲ, ಅದಕ್ಕೆ ಅಂತ ಪ್ರೀಮಿಯಂ ಜಾಸ್ತಿ ಮಾಡೋ ಹಾಗೂ ಇಲ್ಲ. ಇದು ಬಹಳ ದೊಡ್ಡ ವಿಷಯ, ಯಾಕಂದ್ರೆ ಊರಿಂದ ಬರೋವಾಗ ತಗೊಳ್ಳೋ ವಿಸಿಟರ್ ಇನ್ಶೂರೆನ್ಸ್‌ನಲ್ಲಿ ಮೊದಲೇ ಇದ್ದ ಕಾಯಿಲೆಗೆ ಸಾಮಾನ್ಯವಾಗಿ ದುಡ್ಡು ಕೊಡಲ್ಲ, ಮತ್ತೆ ಅರವತ್ತು ದಾಟಿದ ನಮ್ಮ ಹಿರಿಯರಲ್ಲಿ ಮೊದಲೇ ಕಾಯಿಲೆ ಇಲ್ಲದವರು ಎಷ್ಟು ಜನ ಸಿಕ್ತಾರೆ ಹೇಳಿ.

ಆದ್ರೆ ವಯಸ್ಸಿಗೆ ತಕ್ಕ ರೇಟು ಹಾಕ್ಬಹುದು. ಹೆಚ್ಚಿನ ರಾಜ್ಯಗಳಲ್ಲಿ 64 ತುಂಬಿದವರಿಗೆ 21 ವರ್ಷದವರ ಮೂರು ಪಟ್ಟು ತನಕ. ಅದಕ್ಕೇ ಸಬ್ಸಿಡಿ ಬೇಕಾಗೋದು. ಅದು ಟ್ಯಾಕ್ಸ್ ಕ್ರೆಡಿಟ್ ರೂಪದಲ್ಲಿ ಬರುತ್ತೆ, ತಿಂಗಳು ತಿಂಗಳು ಪ್ರೀಮಿಯಂನಲ್ಲೇ ಕಮ್ಮಿ ಮಾಡ್ತಾರೆ. ನಮ್ಮ ಏರಿಯಾದಲ್ಲಿ ಸಿಗೋ ಸಿಲ್ವರ್ ಅನ್ನೋ ಮಧ್ಯಮ ದರ್ಜೆ ಪ್ಲಾನ್‌ಗಳಲ್ಲಿ ಎರಡನೇ ಅಗ್ಗದ್ದು ಎಷ್ಟಿದೆ ನೋಡ್ತಾರೆ, ನಮ್ಮ ಆದಾಯದಲ್ಲಿ ಇಷ್ಟು ಪರ್ಸೆಂಟ್ ನಾವು ಹಾಕ್ಬೇಕು ಅಂತಾರೆ, ಉಳಿದಿದ್ದು ಸರ್ಕಾರದ್ದು. ಕೇಳೋಕೆ ಸುಲಭ. ಇದು ಯಾರಿಗೆ ಸಿಗುತ್ತೆ ಅನ್ನೋದರಲ್ಲೇ ಎಲ್ಲರೂ ಮುಗ್ಗರಿಸೋದು.

ಒಂದು ದಂಪತಿ ತಗೊಳ್ಳಿ, ಮಗ ಸಿಟಿಜನ್ ಆಗಿ ಗ್ರೀನ್ ಕಾರ್ಡ್ ಮಾಡ್ಸಿ ಕರೆಸ್ಕೊಂಡಿದ್ದಾನೆ, ಇಬ್ಬರಿಗೂ 65 ದಾಟಿದೆ. ಊರಲ್ಲಿ ಎಲ್ಲರ ಬಾಯಲ್ಲೂ ಒಂದೇ ಮಾತು, 65 ಆದ್ರೆ ಅಮೆರಿಕದಲ್ಲಿ ಮೆಡಿಕೇರ್ ಅನ್ನೋ ಹಿರಿಯರ ಸರ್ಕಾರಿ ಇನ್ಶೂರೆನ್ಸ್ ಫ್ರೀ ಅಂತ. ಫ್ರೀ ಅಲ್ಲ. ಆಸ್ಪತ್ರೆ ಖರ್ಚಿನ ಭಾಗ ಪ್ರೀಮಿಯಂ ಇಲ್ಲದೆ ಸಿಗ್ಬೇಕಂದ್ರೆ ಹತ್ತು ವರ್ಷ ಇಲ್ಲಿ ದುಡಿದು ಟ್ಯಾಕ್ಸ್ ಕಟ್ಟಿರ್ಬೇಕು, ಮಗ ಕಟ್ಟಿದ್ದು ಅಪ್ಪನ ಲೆಕ್ಕಕ್ಕೆ ಬರಲ್ಲ. ದುಡ್ಡು ಕೊಟ್ಟು ಕೊಂಡ್ಕೊಳ್ತೀವಿ ಅಂದ್ರೂ ಗ್ರೀನ್ ಕಾರ್ಡ್ ಆಗಿ ಐದು ವರ್ಷ ಬಿಡದೆ ಇಲ್ಲೇ ಇದ್ದಿರ್ಬೇಕು. ಬಡವರಿಗೆ ಅಂತ ಇರೋ ಸರ್ಕಾರಿ ಇನ್ಶೂರೆನ್ಸ್ ಮೆಡಿಕೇಯ್ಡ್‌ಗೂ ಬಹುತೇಕ ರಾಜ್ಯಗಳಲ್ಲಿ ದೊಡ್ಡವರಿಗೆ ಅದೇ ಐದು ವರ್ಷ, ಕೆಲವು ರಾಜ್ಯಗಳು ಮಾತ್ರ ತಮ್ಮ ದುಡ್ಡಲ್ಲಿ ಸಡಿಲ ಮಾಡಿವೆ. ಹಾಗಾಗಿ ಮೊದಲ ಐದು ವರ್ಷ ಇಂಥವರಲ್ಲಿ ಹೆಚ್ಚಿನವರಿಗೆ ಇರೋ ಮುಖ್ಯ ದಾರಿ ಮಾರ್ಕೆಟ್‌ಪ್ಲೇಸ್.

2025ರ ಕೊನೆ ತನಕ ಇಲ್ಲಿ ಒಂದು ಒಳ್ಳೆ ನಿಯಮ ಇತ್ತು. ಸಾಮಾನ್ಯವಾಗಿ ಆದಾಯ ಬಡತನ ರೇಖೆಗಿಂತ ಕೆಳಗಿದ್ರೆ ಸಬ್ಸಿಡಿ ಇಲ್ಲ, ಅವರು ಮೆಡಿಕೇಯ್ಡ್‌ಗೆ ಹೋಗ್ಲಿ ಅಂತ. ಆದ್ರೆ ಐದು ವರ್ಷದ ನಿಯಮದಿಂದ ಮೆಡಿಕೇಯ್ಡ್ ಸಿಗದ ವಲಸಿಗರಿಗೆ ಮಾತ್ರ ಆದಾಯ ಕಮ್ಮಿ ಇದ್ರೂ ಸಬ್ಸಿಡಿ ಕೊಡ್ತಿದ್ರು. ಹಿಂದಿನ ವರ್ಷಗಳಲ್ಲಿ ಬಂದ ಎಷ್ಟೋ ಅಪ್ಪ ಅಮ್ಮಂದಿರು ಇದರಲ್ಲೇ ಬಚಾವಾಗಿದ್ದು. 2026ರ ಜನವರಿ 1ರಿಂದ ಆ ವಿನಾಯಿತಿ ತೆಗೆದುಬಿಟ್ಟಿದ್ದಾರೆ.

ಇದರ ಪರಿಣಾಮ ಲೆಕ್ಕದಲ್ಲೇ ನೋಡಿ. 2026ರ ಪ್ಲಾನ್‌ಗೆ ಇಬ್ಬರ ಕುಟುಂಬಕ್ಕೆ ಬಡತನ ರೇಖೆ ವರ್ಷಕ್ಕೆ 21,150 ಡಾಲರ್. ಅಪ್ಪ ಅಮ್ಮ ತಾವೇ ಟ್ಯಾಕ್ಸ್ ಫೈಲ್ ಮಾಡಿ ಆದಾಯ 22,000 ಅಂತ ತೋರಿಸಿದ್ರೆ ಅವರು ಹಾಕ್ಬೇಕಾಗಿರೋದು ಆದಾಯದ 2.1 ಪರ್ಸೆಂಟ್, ಅಂದ್ರೆ ಇಡೀ ವರ್ಷಕ್ಕೆ ಇಬ್ಬರಿಗೂ ಸೇರಿ 462 ಡಾಲರ್. ಅದೇ ಆದಾಯ 20,000 ಇದ್ರೆ ಒಂದು ಡಾಲರ್ ಕ್ರೆಡಿಟ್ಟೂ ಇಲ್ಲ, ಪೂರ್ತಿ ಪ್ರೀಮಿಯಂ. ಇಬ್ಬರಿಗೆ ತಿಂಗಳಿಗೆ 2,400 ಡಾಲರ್ ಅಂತ ಲೆಕ್ಕಕ್ಕೆ ಇಟ್ಕೊಂಡ್ರೆ ವರ್ಷಕ್ಕೆ 28,800, ಅಂದ್ರೆ ಅವರ ಇಡೀ ಆದಾಯಕ್ಕಿಂತ ಜಾಸ್ತಿ. ಸ್ವಲ್ಪ ಇರೋವ್ರಿಗೆ ಕೊಟ್ಟು ಅವರಿಗಿಂತ ಇಲ್ಲದವರಿಗೆ ಕೊಡದೆ ಇರೋ ಈ ನಿಯಮ ನನಗೆ ಅನ್ಯಾಯ ಅಂತಲೇ ಅನ್ಸುತ್ತೆ, ಯಾವ ಪಕ್ಷದವರು ಮಾಡಿದ್ರೂ ಅನ್ಯಾಯವೇ. ನಮ್ಮೂರಲ್ಲಿ ಬಿಪಿಎಲ್ ಕಾರ್ಡ್ ಇದ್ದೋರಿಗೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಐದು ಲಕ್ಷದ ತನಕ ಚಿಕಿತ್ಸೆ ಸಿಗುತ್ತೆ, ಅದರಲ್ಲಿ ಸಾವಿರ ಕೊರತೆ ಇರ್ಬಹುದು, ಆದ್ರೆ ನಿಮ್ಮ ಆದಾಯ ಕಮ್ಮಿ ಇದೆ ಅದಕ್ಕೇ ಕೊಡಲ್ಲ ಅಂತ ಅಲ್ಲಿ ಯಾರೂ ಹೇಳಲ್ಲ.

ಈಗ ಊರಿನ ಆದಾಯದ ವಿಷಯ. ಗ್ರೀನ್ ಕಾರ್ಡ್ ಬಂತು ಅಂದ್ರೆ ಪ್ರಪಂಚದಲ್ಲಿ ಎಲ್ಲೇ ಬಂದ ಆದಾಯನೂ ಇಲ್ಲಿ ತೋರಿಸ್ಬೇಕು. ಬ್ಯಾಂಕಲ್ಲಿರೋ ಎಫ್‌ಡಿ ಬಡ್ಡಿ, ಮೈಸೂರಿನ ಮನೆ ಬಾಡಿಗೆ, ಸೈಟು ಮಾರಿದ ಲಾಭ, ಎಲ್ಲ. ಅದೆಲ್ಲ ಇಂಡಿಯಾದ್ದು, ಇಲ್ಲಿಯವರಿಗೆ ಹೇಗೆ ಗೊತ್ತಾಗುತ್ತೆ ಅಂತ ವಾಟ್ಸಾಪ್ ಗ್ರೂಪ್‌ಗಳಲ್ಲಿ ಧೈರ್ಯ ಹೇಳೋವ್ರು ಇದ್ದಾರೆ, ದಯವಿಟ್ಟು ಕೇಳ್ಬೇಡಿ, ಅರ್ಜಿ ಕೆಳಗೆ ಸುಳ್ಳು ಹೇಳಿದ್ರೆ ಶಿಕ್ಷೆ ಅಂತ ಓದಿ ಸಹಿ ಮಾಡೋದು ಅವರಲ್ಲ, ನಿಮ್ಮ ಅಪ್ಪ ಅಮ್ಮ. ಹಾಗೇ ಇಲ್ಲದ ಆದಾಯ ಇದೆ ಅಂತ ಬರೆಸೋದೂ ತಪ್ಪೇ. ಆದ್ರೆ ನಿಜವಾಗಿ ಇರೋ ಆದಾಯನ ಪೂರ್ತಿ ತೋರಿಸಿದ್ರೆ ಎಷ್ಟೋ ಜನಕ್ಕೆ ಅದೇ ಅನುಕೂಲ ಆಗುತ್ತೆ, ಇದು ಬಹಳ ಜನಕ್ಕೆ ಹೊಳೆಯಲ್ಲ. ಇಲ್ಲಿ ಎಷ್ಟು ಜನ ಆಂಟಿಯರು ಮನೇಲಿ ಚಪಾತಿ ಪಲ್ಯ ಮಾಡಿ ಕೊಡ್ತಾರೆ, ಮಕ್ಕಳನ್ನ ನೋಡ್ಕೊಳ್ತಾರೆ, ಎಲ್ಲ ಕ್ಯಾಶ್. ಗ್ರೀನ್ ಕಾರ್ಡ್ ಇರೋವ್ರು ದುಡೀಬಹುದು, ಅದನ್ನ ಟ್ಯಾಕ್ಸ್‌ನಲ್ಲಿ ತೋರಿಸಿ ಬಾಡಿಗೆ ಬಡ್ಡಿ ಜೊತೆ ಸೇರಿಸಿದ್ರೆ 21,150 ದಾಟೋ ದಂಪತಿಗಳು ಇದ್ದಾರೆ. ಗಂಡ ಹೆಂಡತಿ ಒಟ್ಟಿಗೆ ಫೈಲ್ ಮಾಡ್ಬೇಕು, ಬೇರೆ ಬೇರೆ ಮಾಡಿದ್ರೆ ಸಾಮಾನ್ಯವಾಗಿ ಕ್ರೆಡಿಟ್ ಇಲ್ಲ.

ದಾಟದೇ ಇದ್ರೆ ಇನ್ನೊಂದು ಬಾಗಿಲಿದೆ, ನಾನು ನೋಡಿದ ಮಟ್ಟಿಗೆ ಹತ್ತರಲ್ಲಿ ಒಬ್ಬರಿಗೂ ಗೊತ್ತಿರಲ್ಲ. ಅಪ್ಪ ಅಮ್ಮನ ಖರ್ಚಿನ ಅರ್ಧಕ್ಕಿಂತ ಜಾಸ್ತಿ ಮಗ ನೋಡ್ಕೊಳ್ತಿದ್ದು, ಅವರ ಒಬ್ಬೊಬ್ಬರ ಆದಾಯ ತೀರಾ ಕಮ್ಮಿ ಇದ್ರೆ (2025ರ ಲೆಕ್ಕದಲ್ಲಿ 5,200 ಡಾಲರ್ ಒಳಗೆ) ಮಗ ಅವರನ್ನ ತನ್ನ ಟ್ಯಾಕ್ಸ್‌ನಲ್ಲಿ ಡಿಪೆಂಡೆಂಟ್ ಅಂತ ಹಾಕ್ಬಹುದು. ಆಗ ಮಾರ್ಕೆಟ್‌ಪ್ಲೇಸ್ ನೋಡೋದು ಮಗನ ಮನೆಯ ಒಟ್ಟು ಆದಾಯ. ಗಂಡ ಹೆಂಡತಿ, ಎರಡು ಮಕ್ಕಳು, ಅಪ್ಪ ಅಮ್ಮ ಸೇರಿ ಆರು ಜನ, ಆರು ಜನಕ್ಕೆ ಬಡತನ ರೇಖೆ 43,150, ಅದರ ನಾಲ್ಕು ಪಟ್ಟು 172,600. ಮನೆ ಆದಾಯ ಅಷ್ಟರೊಳಗಿದ್ರೆ ಅಪ್ಪ ಅಮ್ಮನ ಪ್ಲಾನ್‌ಗೆ ಕ್ರೆಡಿಟ್ ಸಿಗೋ ಸಾಧ್ಯತೆ ಇದೆ. 1,50,000 ಆದಾಯ ಅಂತಿಟ್ಕೊಳ್ಳಿ, ಅದರ 9.96 ಪರ್ಸೆಂಟ್ ಅಂದ್ರೆ 14,940 ನಾವು ಹಾಕ್ಬೇಕು, ಮೇಲೆ ಹೇಳಿದ 28,800ರಲ್ಲಿ ಮಿಕ್ಕಿದ 13,860 ಕ್ರೆಡಿಟ್. ಮಗ ಸೊಸೆ ಮಕ್ಕಳಿಗೆ ಕಂಪನಿ ಇನ್ಶೂರೆನ್ಸ್ ಇದ್ರೆ ಅವರಿಗೆ ಕ್ರೆಡಿಟ್ ಬರಲ್ಲ, ಆದ್ರೆ ಅಪ್ಪ ಅಮ್ಮನ್ನ ಸಾಮಾನ್ಯವಾಗಿ ಕಂಪನಿ ಪ್ಲಾನ್‌ಗೆ ಸೇರಿಸ್ಕೊಳ್ಳಲ್ಲ, ಹಾಗಾಗಿ ಅವರಿಗೆ ಅದು ಅಡ್ಡಿ ಆಗಲ್ಲ.

ಇಲ್ಲಿ ಸಾಫ್ಟ್‌ವೇರ್‌ನವರು ಮೈಯೆಲ್ಲಾ ಕಣ್ಣಾಗಿರ್ಬೇಕು. 2021ರಿಂದ 2025ರ ತನಕ ನಾಲ್ಕು ಪಟ್ಟು ದಾಟಿದ್ರೂ ಆದಾಯದ 8.5 ಪರ್ಸೆಂಟ್‌ಗಿಂತ ಜಾಸ್ತಿ ಹಾಕೋ ಹಾಗಿರಲಿಲ್ಲ. ಆ ಹೆಚ್ಚುವರಿ ಸಬ್ಸಿಡಿ ಮುಂದುವರಿಸ್ಬೇಕೋ ಬೇಡ್ವೋ ಅನ್ನೋ ಜಗಳದಲ್ಲೇ 2025ರ ಅಕ್ಟೋಬರ್ ಒಂದರಿಂದ ನವೆಂಬರ್ 12ರ ತನಕ ಇಲ್ಲಿ ಸರ್ಕಾರನೇ ಶಟ್‌ಡೌನ್ ಆಗಿತ್ತು. ಕೊನೆಗೂ ಮುಂದುವರಿಸಲಿಲ್ಲ, ಡಿಸೆಂಬರ್ 31ಕ್ಕೆ ಮುಗೀತು. ಈಗ 172,600 ದಾಟಿ ಒಂದು ಡಾಲರ್ ಜಾಸ್ತಿ ಆದ್ರೂ ಫೆಡರಲ್ ಅಂದ್ರೆ ಕೇಂದ್ರ ಸರ್ಕಾರದ ಕ್ರೆಡಿಟ್ ಸೊನ್ನೆ, ಜೊತೆಗೆ 2026ರಿಂದ ವಾಪಸ್ ಕಟ್ಟೋದಕ್ಕೆ ಇದ್ದ ಮಿತಿನೂ ತೆಗೆದಿದ್ದಾರೆ. ವರ್ಷದ ಶುರುವಲ್ಲಿ ಅಂದಾಜು ಆದಾಯ ಹೇಳಿ ಕ್ರೆಡಿಟ್ ತಗೊಂಡು, ನವೆಂಬರ್‌ನಲ್ಲಿ ಬೋನಸ್ಸೋ ಕಂಪನಿ ಷೇರೋ ಬಂದು ಗೆರೆ ದಾಟಿದ್ರೆ ತಗೊಂಡ ಅಷ್ಟೂ ದುಡ್ಡನ್ನ ಮುಂದಿನ ವರ್ಷ ಟ್ಯಾಕ್ಸ್ ಜೊತೆ ಕಟ್ಬೇಕು. ಗೆರೆ ಹತ್ರ ಇರೋವ್ರು 401ಕೆ ಅನ್ನೋ ನಿವೃತ್ತಿ ಉಳಿತಾಯ ಖಾತೆಗೆ ಟ್ಯಾಕ್ಸ್‌ಗೆ ಮುಂಚೆ ಹಾಕೋ ದುಡ್ಡು ಜಾಸ್ತಿ ಮಾಡಿದ್ರೆ ಲೆಕ್ಕದ ಆದಾಯ ಇಳಿಯುತ್ತೆ, 2026ಕ್ಕೆ 24,500 ತನಕ ಹಾಕ್ಬಹುದು. ಆದಾಯ ಬದಲಾದ ತಕ್ಷಣ ಮಾರ್ಕೆಟ್‌ಪ್ಲೇಸ್‌ನಲ್ಲಿ ಅಪ್‌ಡೇಟ್ ಮಾಡಿ, ವರ್ಷದ ಕೊನೆ ತನಕ ಕಾಯ್ಬೇಡಿ. ನ್ಯೂಜೆರ್ಸಿಯಲ್ಲಿ ರಾಜ್ಯದ್ದೇ ಬೇರೆ ಸಹಾಯ ಇದೆ, ಬಡತನ ರೇಖೆಯ ಆರು ಪಟ್ಟಿನ ತನಕ, ಫೆಡರಲ್ ಕ್ರೆಡಿಟ್‌ನಷ್ಟು ದೊಡ್ಡದಲ್ಲ ಆದ್ರೂ ಕೇಳಿ ತಗೊಳ್ಳಿ.

ಎಚ್-1ಬಿಯಲ್ಲಿ ಇರೋವ್ರಿಗೆ ಇನ್ನೊಂದು ಪೆಟ್ಟು 2027ರ ಜನವರಿ 1ಕ್ಕೆ ಕಾದಿದೆ. ಇದುವರೆಗೂ ಎಚ್-1ಬಿ, ಎಚ್-4 (ಎಚ್-1ಬಿಯವರ ಕುಟುಂಬಕ್ಕೆ), ಎಲ್-1 (ಕಂಪನಿಯೊಳಗೆ ವರ್ಗ ಆಗಿ ಬಂದವರಿಗೆ), ಎಫ್-1 (ವಿದ್ಯಾರ್ಥಿಗಳಿಗೆ) ಹೀಗೆ ಕಾನೂನು ಪ್ರಕಾರ ಇಲ್ಲಿ ವಾಸ ಇರೋ ಎಲ್ಲರಿಗೂ ಆದಾಯ ನೋಡಿ ಕ್ರೆಡಿಟ್ ಸಿಗ್ತಿತ್ತು. ಅವತ್ತಿನಿಂದ ಸಿಟಿಜನ್, ಗ್ರೀನ್ ಕಾರ್ಡ್ ಇರೋವ್ರು, ಜೊತೆಗೆ ಬೇರೆ ಕೆಲವು ದೇಶದ ಒಂದೆರಡು ಗುಂಪು, ಅಷ್ಟಕ್ಕೇ ನಿಲ್ಲುತ್ತೆ. ಇಂಡಿಯಾದಲ್ಲಿ ಹುಟ್ಟಿದವರ ಗ್ರೀನ್ ಕಾರ್ಡ್ ಕ್ಯೂ ಎಷ್ಟುದ್ದ ಅಂತ ನಿಮ್ಮ ಓದುಗರಿಗೆ ಹೊಸದಾಗಿ ಹೇಳ್ಬೇಕಿಲ್ಲ, ಹದಿನೈದು ವರ್ಷ ಟ್ಯಾಕ್ಸ್ ಕಟ್ಟಿದವರೂ ಈ ಪಟ್ಟಿಯಿಂದ ಹೊರಗೆ. ಕೆಲಸ ಇರೋ ತನಕ ಕಂಪನಿ ಇನ್ಶೂರೆನ್ಸ್ ಇರುತ್ತೆ ಸರಿ. ಲೇಆಫ್ ಆದಾಗ? ಕೋಬ್ರಾ ಅಂತ ಹಳೇ ಕಂಪನಿ ಪ್ಲಾನನ್ನೇ ಮುಂದುವರಿಸ್ಬಹುದು, ಆದ್ರೆ ಕಂಪನಿ ಹಾಕ್ತಿದ್ದ ಭಾಗನೂ ಸೇರಿ 102 ಪರ್ಸೆಂಟ್ ತನಕ ನಾವೇ ಕಟ್ಬೇಕು. 2026ರಲ್ಲಿ ಕೆಲಸ ಹೋದವರಿಗೆ ಇನ್ನೂ ಅವಕಾಶ ಇದೆ, ಇನ್ಶೂರೆನ್ಸ್ ಹೋದ ದಿನದಿಂದ 60 ದಿನದೊಳಗೆ ಮಾರ್ಕೆಟ್‌ಪ್ಲೇಸ್‌ಗೆ ಸೇರ್ಬೇಕು. ಕೆಲಸ ಹೋದ ಮೇಲೆ ಇಲ್ಲಿ ಇರೋಕೆ ಸಿಗೋ ವೀಸಾದ 60 ದಿನ ಎಣಿಸೋ ಗಾಬರಿಯಲ್ಲಿ ಈ 60 ದಿನ ಮರೆತುಹೋಗುತ್ತೆ. ಒಂದ್ಸಲ ಕೋಬ್ರಾ ತಗೊಂಡು ಆ ಗಡುವು ಮುಗಿದ ಮೇಲೆ ದುಬಾರಿ ಆಯ್ತು ಅಂತ ಮಧ್ಯದಲ್ಲಿ ಬಿಟ್ಟರೆ ಅದಕ್ಕೆ ಬೇರೆ ಅವಕಾಶ ಕೊಡಲ್ಲ, ಮುಂದಿನ ನೋಂದಣಿ ಶುರುವಾಗೋ ನವೆಂಬರ್ ತನಕ ಕಾಯ್ಬೇಕು.

ಟೂರಿಸ್ಟ್ ವೀಸಾದಲ್ಲಿ ಆರು ತಿಂಗಳಿಗೆ ಬರೋ ಅಪ್ಪ ಅಮ್ಮನಿಗೆ ಇದು ಯಾವುದೂ ಇಲ್ಲ, ಅವರು ಆ ರಾಜ್ಯದ ನಿವಾಸಿಗಳಲ್ಲ. ಯಾರಾದ್ರೂ ಮಾಡ್ಸಿಕೊಡ್ತೀನಿ ಅಂದ್ರೆ ನಂಬ್ಬೇಡಿ.

ಗ್ರೀನ್ ಕಾರ್ಡ್‌ನಲ್ಲಿ ಹೊಸದಾಗಿ ಬಂದವರಿಗೂ 60 ದಿನದ ಅವಕಾಶ ಇದೆ. ಜೆಟ್‌ಲ್ಯಾಗ್, ದೇವಸ್ಥಾನ, ನೆಂಟರ ಮನೆ ಅಂತ ಎರಡು ತಿಂಗಳು ಕಳೆದುಬಿಟ್ಟು ಆಮೇಲೆ ಎದೆ ನೋವು ಅಂದಾಗ ಓಡೋವ್ರನ್ನ ನೋಡಿದ್ದೀನಿ. ಎಷ್ಟೋ ಹಿರಿಯರು ನೋವಿದ್ರೂ ಬಾಯಿಬಿಡಲ್ಲ, ಮಗನಿಗೆ ಬಿಲ್ ಬರುತ್ತೆ ಅಂತ ಮುಚ್ಚಿಡ್ತಾರೆ, ಊರಿಂದ ತಂದ ಮಾತ್ರೆ ಖಾಲಿ ಆಗೋ ಹೊತ್ತಿಗೆ ದಿನಕ್ಕೆ ಎರಡರ ಬದಲು ಒಂದು ನುಂಗ್ತಾರೆ. ನನಗೆ ನಿಜವಾಗ್ಲೂ ಸಂಕಟ ಆಗೋದು ಇದಕ್ಕೇ. ಮಕ್ಕಳಿಗೆ ಪ್ರೀತಿ ಇಲ್ಲ ಅಂತಲ್ಲ, ಟಿಕೆಟ್ಟು, ವೀಸಾ, ಮೆಡಿಕಲ್ ಚೆಕಪ್ ಎಲ್ಲಕ್ಕೂ ಓಡಾಡಿರ್ತಾರೆ, ಈ ಒಂದು ಲೆಕ್ಕ ಹಾಕೋಕೆ ಯಾರೂ ಹೇಳಿರಲ್ಲ.

ಊರಲ್ಲಿರೋ ಅಪ್ಪ ಅಮ್ಮಂದಿರೇ, ಬರೋ ಮೊದಲು ಮಕ್ಕಳನ್ನ ನೇರವಾಗಿ ಕೇಳಿ, ಮೊದಲ ಐದು ವರ್ಷ ನಮ್ಮ ಇನ್ಶೂರೆನ್ಸ್ ಏನು, ಯಾರ ಟ್ಯಾಕ್ಸ್‌ನಲ್ಲಿ ನಮ್ಮನ್ನ ಹಾಕ್ತೀಯ, ತಿಂಗಳಿಗೆ ಎಷ್ಟು ಬೀಳುತ್ತೆ ಅಂತ. ಕೇಳೋಕೆ ಸಂಕೋಚ ಬೇಡ. ಬರೋವಾಗ ಎಫ್‌ಡಿ ಬಡ್ಡಿ ಸರ್ಟಿಫಿಕೇಟ್, ಬಾಡಿಗೆ ಕರಾರು, ಆಸ್ಪತ್ರೆ ರಿಪೋರ್ಟ್ ಜೊತೇಲಿ ತನ್ನಿ. ಐದು ವರ್ಷ ತುಂಬಿದ ಮೇಲೆ ಮೆಡಿಕೇರ್‌ನಲ್ಲಿ ಡಾಕ್ಟರ್ ಖರ್ಚಿನ ಭಾಗವಾದ ಪಾರ್ಟ್ ಬಿಗೆ ಸಮಯಕ್ಕೆ ಸೇರ್ಕೊಳ್ಳಿ, ಮಾರ್ಕೆಟ್‌ಪ್ಲೇಸ್ ಪ್ಲಾನ್ ಇದೆ ಅಂತ ಬಿಟ್ಟರೆ ತಡ ಆದ ಪ್ರತಿ 12 ತಿಂಗಳಿಗೆ 10 ಪರ್ಸೆಂಟ್ ದಂಡ, ಅದು ಸಾಮಾನ್ಯವಾಗಿ ಪಾರ್ಟ್ ಬಿ ಇರೋವರೆಗೂ ಕಟ್ಬೇಕು.

ಸಂಪಾದಕರೇ, ನನ್ನ ಕೋರಿಕೆ ಇಷ್ಟು. ಮುಂದಿನ ವರ್ಷದ ಪ್ಲಾನ್‌ಗೆ ನೋಂದಣಿ ನವೆಂಬರ್ 1ಕ್ಕೆ ಶುರುವಾಗುತ್ತೆ. ಅದಕ್ಕೂ ಮೊದಲು, ಅಕ್ಟೋಬರ್‌ನಲ್ಲಿ, ತಿಳಿದವರಿಂದ ಬರೆಸಿ ಒಂದು ಪೂರ್ತಿ ಪುಟ ಹಾಕಿ. ಹೊಸ ವರ್ಷದ ಬಡತನ ರೇಖೆ ಅಂಕಿ, ಎಷ್ಟು ಜನಕ್ಕೆ ಎಷ್ಟು ಅನ್ನೋ ಪಟ್ಟಿ, 2027ರ ವೀಸಾ ನಿಯಮ, ಇಷ್ಟು ಕನ್ನಡದಲ್ಲಿ ಬಂದ್ರೆ ಸಾಕು. ಮಾರ್ಕೆಟ್‌ಪ್ಲೇಸ್‌ಗೆ ಫೋನ್ ಮಾಡಿ ಕನ್ನಡ ದುಭಾಷಿ ಬೇಕು ಅಂತ ಕೇಳ್ಬಹುದು, ಅದಕ್ಕೆ ದುಡ್ಡು ಕೊಡ್ಬೇಕಿಲ್ಲ, ನ್ಯಾವಿಗೇಟರ್ ಅಂತ ಇರೋ ಸಹಾಯಕರೂ ಫ್ರೀ ಅನ್ನೋದನ್ನೂ ಅದರಲ್ಲಿ ದಪ್ಪ ಅಕ್ಷರದಲ್ಲಿ ಹಾಕಿ, ಅದನ್ನ ಕತ್ತರಿಸಿ ಇಟ್ಕೊಳ್ಳೋವ್ರು ಊರಲ್ಲೂ ಇರ್ತಾರೆ, ಇಲ್ಲೂ ಇರ್ತಾರೆ.

ಇಂತಿ,
ನಿಮ್ಮ ಓದುಗರಲ್ಲೊಬ್ಬಳು
ಎಡಿಸನ್, ನ್ಯೂಜೆರ್ಸಿ